ಕಮಲಾಪುರದ ಬಿಳಿ ಸೈಕಲ್ಲು

ಹರಾಜಿನಲ್ಲಿ ಆ ಸೈಕಲ್ಲನ್ನು ಯಾರೂ ಕೇಳಲಿಲ್ಲ. ರಸ್ತೆ, ಸೇತುವೆಗಳ ಕೆಲಸ ನೋಡಿಕೊಂಡಿದ್ದ ಪರದೇಶಿ ಇಂಜಿನಿಯರನೊಬ್ಬ ತನ್ನ ದೇಶಕ್ಕೆ ಹೊರಟಿದ್ದ. ಕಲಬುರಗಿ ಸ್ಟೇಶನ್ನಿನ ಬದಿಯಲ್ಲಿದ್ದ ಅವನ ಬಂಗಲೆಯ ಅಂಗಳದಲ್ಲಿ ಮೇಜು, ಕುರ್ಚಿ, ಕಂದೀಲು, ಮಂಚ ಎಲ್ಲ ಒಂದೊಂದಾಗಿ ಹೋದವು. ಕೊನೆಗೆ ಗೋಡೆಗೆ ಒರಗಿಸಿದ್ದ ಸೈಕಲ್ಲೊಂದೇ ಉಳಿಯಿತು. ಆ ಕಾಲಕ್ಕೆ ನಮ್ಮ ಊರಲ್ಲಿ ಸೈಕಲ್ಲುಗಳೇ ಕಡಿಮೆ; ಇದ್ದವೆಲ್ಲ ಕಪ್ಪು ಬಣ್ಣ ಬಳಿದ ಉಕ್ಕಿನವು. ಇದು ಬೆಳ್ಳಗಿತ್ತು. ಬಳಿದ ಬಣ್ಣವಲ್ಲ, ಕೊಳವೆಗಳೇ ಬೆಳ್ಳಗೆ, ಮೋಡ ಮುಚ್ಚಿದ ದಿನದ ಕೆರೆಯ ನೀರಿನ ಹಾಗೆ ಮಂದವಾಗಿ ಹೊಳೆಯುತ್ತಿದ್ದವು. ಹರಾಜು ಕೂಗುವವನು ಅದರ ಹಗುರ ತೋರಿಸಲೆಂದು ಒಂದೇ ಕೈಯಲ್ಲಿ ಎತ್ತಿ ತಲೆಯ ಮೇಲೆ ಹಿಡಿದ. ಅಲ್ಲಿಗೆ ಕೆಲಸ ಕೆಟ್ಟಿತು.

"ತಗಡಿಂದು ಅದ ಇದು. ಕುಂತ್ರ ಕುಸೀತದ," ಎಂದ ಅಡತಿ ಅಂಗಡಿಯ ದಲ್ಲಾಳಿಯೊಬ್ಬ.

ಎಲ್ಲರೂ ನಕ್ಕರು. ನಾನು ಕೈ ಎತ್ತಿದೆ. ನನ್ನ ಎದುರು ಯಾರೂ ಕೂಗಲಿಲ್ಲ.

ನಾನಾಗ ದೇವಿ ಹಾಕುವ ಕೆಲಸದಲ್ಲಿದ್ದೆ. ಮೈಲಿಬೇನೆ ಬಾರದಂತೆ ಮಕ್ಕಳ ತೋಳಿಗೆ ಗೀರಿ ಲಸಿಕೆ ಹಚ್ಚುವ ಸರಕಾರಿ ನೌಕರಿ. ಅದಕ್ಕೂ ಮೊದಲು ಕಲಬುರಗಿಯ ಕಚೇರಿಯೊಂದರಲ್ಲಿ ಉರ್ದು ಕಾಗದಗಳ ನಕಲು ಮಾಡಿಕೊಂಡಿದ್ದೆ. ಮದುವೆಯಾದ ಎರಡನೆಯ ವರ್ಷ ಊರಿಗೆ ಪ್ಲೇಗು ಬಂತು. ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು, ನಾವೂ ಹಾಕಿಕೊಂಡೆವು. ನನ್ನ ಹೆಂಡತಿ ಆ ಗುಡಿಸಲಿನಿಂದ ತಿರುಗಿ ಮನೆಗೆ ಬರಲಿಲ್ಲ. ಮನೆಗೆ ಬಂದ ನನಗೆ ಒಲೆಯ ಮುಂದೆ ಕೂರಲು ಆಗುತ್ತಿರಲಿಲ್ಲ, ಒಲೆ ಹೊತ್ತಿಸಲೂ ಆಗುತ್ತಿರಲಿಲ್ಲ. ದವಾಖಾನೆಯಲ್ಲಿ ಊರೂರು ತಿರುಗುವ ಜಾಗ ಖಾಲಿ ಇದೆ ಎಂದು ತಿಳಿದಾಗ ಅರ್ಜಿ ಹಾಕಿದೆ. ಕಮಲಾಪುರ ಮತ್ತು ಅದರ ಸುತ್ತಲಿನ ಹಳ್ಳಿಗಳು ನನ್ನ ಪಾಲಿಗೆ ಬಂದವು.

ತಿರುಗಾಟವಿದ್ದರೆ ಜನರ ನಡುವೆ ಇರಬಹುದು ಎಂದುಕೊಂಡಿದ್ದೆ. ಆದದ್ದು ಬೇರೆ. ನಾನು ಊರೊಳಗೆ ಕಾಲಿಟ್ಟ ಕೂಡಲೆ ಬಾಗಿಲುಗಳು ಮುಚ್ಚುತ್ತಿದ್ದವು. ತಾಯಂದಿರು ಕೂಸುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಜೋಳದ ಹೊಲ ಹೊಗುತ್ತಿದ್ದರು. ಇವನು ತೋಳು ಕೊಯ್ದರೆ ದೇವಿ ಸಿಟ್ಟಾಗುತ್ತಾಳೆ ಎಂಬುದು ಅವರ ನಂಬಿಕೆ. ಪೋಲೀಸ್ ಪಾಟೀಲರ ಕಟ್ಟೆಯ ಮೇಲೆ ಒಬ್ಬನೇ ಕೂತು ಬುತ್ತಿ ಬಿಚ್ಚುತ್ತಿದ್ದೆ. ಒಂದು ವರ್ಷ ಹಾಗೆ ಕಾಲ್ನಡಿಗೆಯಲ್ಲಿ ಕಳೆದ ಮೇಲೆ ಈ ಸೈಕಲ್ಲು ಕೊಂಡೆ.

ಅದರ ಮೈ ಅಲ್ಯುಮಿನಿಯಂ ಎಂಬ ಲೋಹದ್ದು ಎಂದು ಹೇಳಿದವರು ದವಾಖಾನೆಯ ಡಾಕ್ಟರ ಸಾಹೇಬರು. ಗಾಲಿ, ಸರಪಳಿ, ಪೆಡಲು ಇವೆಲ್ಲ ಉಕ್ಕಿನವೇ. ಹಿಡಿಕೆಯಿಂದ ಕೂರುವ ಗಾದಿಯವರೆಗಿನ ಚೌಕಟ್ಟು ಮಾತ್ರ ಆ ಬಿಳಿ ಲೋಹದ್ದು. "ಪರದೇಶದಾಗೂ ಇಂಥವು ಅಪರೂಪ. ಜ್ವಾಕಿಲೆ ಇಟ್ಕೋರಿ," ಎಂದರು ಸಾಹೇಬರು. ಅಂಥ ಲೋಹದ ಹೆಸರು ನಾನು ಕೇಳಿರಲಿಲ್ಲ. ಹಳ್ಳಿಗಳವರಂತೂ ಅದನ್ನು ಬೆಳ್ಳಿ ಎಂದೇ ತಿಳಿದರು. ಒಂದೂರಿನ ಪಾಟೀಲರು ಅದರ ಕೊಳವೆಯನ್ನು ಉಗುರಿನಿಂದ ಬಡಿದು ನೋಡಿ, ಗಂಭೀರವಾಗಿ ಕೇಳಿದರು: "ನಿಜಾಮ ಸರಕಾರ ದೇವಿ ಹಾಕಾವರಿಗೆ ಬೆಳ್ಳಿ ಸೈಕಲ್ಲ ಕೊಡ್ತದಂದ್ರ, ಕಲೆಕ್ಟರ ಸಾಹೇಬರಿಗೆ ಬಂಗಾರದ್ದು ಕೊಟ್ಟಿರಬೇಕಲ್ರಿ?"

ಉಕ್ಕಿನ ಸೈಕಲ್ಲನ್ನು ಹಳ್ಳ ದಾಟಿಸಲು ಇಬ್ಬರು ಬೇಕು. ಇದನ್ನು ನಾನೊಬ್ಬನೇ ಹೆಗಲ ಮೇಲೆ ಹಾಕಿಕೊಂಡು ಹಳ್ಳದೊಳಗೆ ಇಳಿಯುತ್ತಿದ್ದೆ. ಎರೆಮಣ್ಣಿನ ದಾರಿಯಲ್ಲಿ ಮಣ್ಣು ಗಾಲಿಗೆ ಮೆತ್ತಿಕೊಂಡಾಗಲೂ ಎತ್ತಿಕೊಂಡು ನಡೆಯಬಹುದಿತ್ತು. ಆದರೆ ಅದರಿಂದ ಒಂದು ತೊಂದರೆಯಾಯಿತು. ಬಿಸಿಲಿಗೆ ಅದು ಅರ್ಧ ಹರದಾರಿ ದೂರದಿಂದಲೇ ಮಿಂಚುತ್ತಿತ್ತು. ಮೊದಲು ನಾನು ಊರೊಳಗೆ ಬಂದ ಮೇಲೆ ಓಡುತ್ತಿದ್ದವರು ಈಗ ಊರ ಹೊರಗಿರುವಾಗಲೇ ಓಡತೊಡಗಿದರು.

ಕಮಲಾಪುರದಲ್ಲಿ ನಾನಿದ್ದದ್ದು ಒಬ್ಬ ಬಾಳೆತೋಟದವರ ಮನೆಯ ಹೊರಗಿನ ಕೋಣೆಯಲ್ಲಿ. ಲಿಂಗಾಯತರು, ಯಜಮಾನರಿಗೆ ನನಗಿಂತ ಹತ್ತು ವರ್ಷ ಹೆಚ್ಚಿರಬಹುದು, ನಾನು ಅವರನ್ನು ಅಣ್ಣಾರ ಎನ್ನುತ್ತಿದ್ದೆ. ಕೆಂಪು ಮಣ್ಣಿನ ತಗ್ಗಿನಲ್ಲಿ ಅವರ ತೋಟ, ಅದರಲ್ಲಿ ಆ ಊರಿನ ಕೆಂಪು ಬಾಳೆ. ಅವರ ಹೆಂಡತಿ ದಿನಾ ಸಂಜೆ ಎರಡು ರೊಟ್ಟಿ, ಪುಂಡಿಪಲ್ಯ ಇಟ್ಟ ತಾಟನ್ನು ನನ್ನ ಕೋಣೆಯ ಹೊಸ್ತಿಲ ಮೇಲಿಟ್ಟು, "ಉಣ್ರಿ ತಮ್ಮಾ," ಎಂದು ಹೋಗುತ್ತಿದ್ದರು. ಇಡೀ ದಿನದಲ್ಲಿ ನನ್ನ ಹೆಸರು ಕೇಳದ, ಕೆಲಸ ಕೇಳದ ಮಾತು ಅದೊಂದೇ ಆಗಿರುತ್ತಿತ್ತು.

ಅವರಿಗೆ ಐದು ವರ್ಷದ ಮಗಳೊಬ್ಬಳಿದ್ದಳು. ನನ್ನನ್ನು ಕಂಡರೆ ಓಡದ ಒಂದೇ ಮಗು ಅದು. ಸೈಕಲ್ಲಿನ ಕೊಳವೆಗೆ ಕೆನ್ನೆ ಹಚ್ಚಿ, "ಕಾಕಾ, ತಂಪ್ ಅದ," ಎನ್ನುತ್ತಿದ್ದಳು. ಅವಳಿಗೆ ಇನ್ನೂ ದೇವಿ ಹಾಕಿಸಿರಲಿಲ್ಲ. ನಾನು ಕೇಳಿದಾಗಲೆಲ್ಲ ತಾಯಿ ಮಾತು ತಿರುಗಿಸುತ್ತಿದ್ದರು. ಎರಡೂವರೆ ವರ್ಷ ಅದೇ ಅಂಗಳದಲ್ಲಿ ನನ್ನನ್ನು ನೋಡಿ ನೋಡಿ ಕೊನೆಗೆ ಒಂದು ದಿನ ತಾವಾಗಿಯೇ ಹೇಳಿದರು: "ಯುಗಾದಿ ಆದ ಮ್ಯಾಲ ಹಾಕ್ರಿ. ನೀವು ಹಾಕ್ತೀರಂದ್ರ ನನಗ ಅಂಜಿಕಿಲ್ಲ."

ಆ ಮಾತು ನನಗೆ ಎಷ್ಟು ದೊಡ್ಡದಾಗಿತ್ತು ಎಂದರೆ, ಅವತ್ತು ಮಧ್ಯಾಹ್ನ ಕೆಲಸವಿಲ್ಲದಿದ್ದರೂ ಸೈಕಲ್ಲು ಹತ್ತಿ ತೋಟದ ದಾರಿಯಲ್ಲಿ ಸುಮ್ಮನೆ ಹೋಗಿಬಂದೆ.

ಇದಕ್ಕೂ ಮುಂಚೆ, ಹಿಂದಿನ ಮಳೆಗಾಲ ಶುರುವಾಗುವ ಹೊತ್ತಿಗೆ, ಸೈಕಲ್ಲಿನ ಚೌಕಟ್ಟಿನಲ್ಲಿ ಬಿರುಕು ಕಂಡಿತ್ತು. ಹಿಡಿಕೆಯ ಬುಡದಿಂದ ಪೆಡಲಿನ ಕಡೆಗೆ ಇಳಿಯುವ ಕೊಳವೆ, ಮೇಲ್ತುದಿಯ ಹತ್ತಿರ, ಕೂದಲೆಳೆಯಷ್ಟು ಸೀಳಿತ್ತು. ಕಲಬುರಗಿಗೆ ತಂದೆ. ಜಗತ್ ಎಂಬ ಓಣಿಯ ಕಮ್ಮಾರ ಅದನ್ನು ನೋಡಿ, "ಕಬ್ಬಿಣ ಆದ್ರ ನನ್ನ ಮುಂದ ತರ್ರಿ, ಇದು ಏನೋ ಏನೋ," ಎಂದು ಕೈಮುಗಿದ. ಪಾತ್ರೆಗೆ ಕಲಾಯಿ ಹಾಕುವವನು ಕಾಯಿಸಿ ತವರ ಸವರಿದ. ಕೆಸುವಿನೆಲೆಯ ಮೇಲಿನ ನೀರಿನ ಹಾಗೆ ತವರ ಉಂಡೆಯುಂಡೆಯಾಗಿ ಉರುಳಿ ಬಿತ್ತು. "ಕೋಟಿ ಹಂತೇಲಿ ಒಬ್ಬ ಬೀದರದ ಉಸ್ತಾದ ಇದ್ದಾನ. ಬಿಳಿ ಧಾತು ಅಂದ್ರ ಅವನೇ," ಎಂದು ಅವನೇ ದಾರಿ ತೋರಿಸಿದ.

ಕೋಟೆಯ ಕಂದಕಕ್ಕೆ ಹತ್ತಿದ ಓಣಿಯಲ್ಲಿ ಆ ಉಸ್ತಾದರ ಮನೆ. ಬೀದರದಲ್ಲಿ ಕಪ್ಪು ಹೂಜಿ, ಹುಕ್ಕಾಗಳ ಮೇಲೆ ಬೆಳ್ಳಿಯ ಬಳ್ಳಿ ಕೂರಿಸುತ್ತಿದ್ದ ಕುಶಲಿಗರು. ಕೊಳ್ಳುವವರು ಕಡಿಮೆಯಾದ ಮೇಲೆ ಕಲಬುರಗಿಗೆ ಬಂದು ಪಾತ್ರೆಪಗಡ ರಿಪೇರಿ ಮಾಡಿಕೊಂಡಿದ್ದರು. ಐವತ್ತು ದಾಟಿದ ವಯಸ್ಸು, ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಅವರು ಸೈಕಲ್ಲನ್ನು ನೋಡಿದ ಬಗೆ ನನಗಿನ್ನೂ ನೆನಪಿದೆ. ಮೊದಲು ಎತ್ತಿದರು. ಇಳಿಸಿ ಮತ್ತೆ ಎತ್ತಿದರು. ಕೊಳವೆಯನ್ನು ಅರದಿಂದ ಒಮ್ಮೆ ಉಜ್ಜಿ, ಬಿದ್ದ ಪುಡಿಯನ್ನು ಮೂಸಿ, ನಾಲಿಗೆಗೆ ಹಚ್ಚಿಕೊಂಡರು.

"ಚಾಂದಿ ಅಲ್ಲ. ಸೀಸ ಅಲ್ಲ. ಜಸ್ತನೂ ಅಲ್ಲ," ಎಂದರು; ಸತುವನ್ನು ಅವರು ಜಸ್ತ ಎನ್ನುತ್ತಿದ್ದರು. "ಆದ್ರ ಜಸ್ತದ ರಿಶ್ತೇದಾರ, ಬಳಗದಾಂವ ಇರಬೇಕು. ಎಲ್ಲಿ ಸಿಕ್ತು ಡಾಕ್ಟರ ಸಾಬ?"

"ನಾ ಡಾಕ್ಟರ ಅಲ್ರಿ. ದೇವಿ ಹಾಕಾಂವ."

"ಚಾಕು ಹಿಡಿಯೋರೆಲ್ಲ ಡಾಕ್ಟರೇ. ಕುಂದರ್ರಿ."

ಅದೇ ಲೋಹದ ಗಾದಿಯ ಕಂಬ ಬೇಕಿದ್ದಕ್ಕಿಂತ ಉದ್ದವಿತ್ತು; ಅದರ ತುದಿಯನ್ನು ಬೆರಳಗಲ ಕೊಯ್ದು ಮೂಸೆಯಲ್ಲಿಟ್ಟು ಒಲೆಗೆ ಹಿಡಿದರು. ಕಬ್ಬಿಣದಂತೆ ಕೆಂಪಗಾಗುತ್ತದೆ ಎಂದು ಇಬ್ಬರೂ ಕಾದೆವು. ಕೆಂಪಾಗಲೇ ಇಲ್ಲ. ಬೆಳ್ಳಗಿದ್ದದ್ದು ಬೆಳ್ಳಗೇ ಇದ್ದು, ನೋಡುನೋಡುತ್ತಿದ್ದಂತೆ ಕುಸಿದು ನೀರಾಯಿತು. ಉಸ್ತಾದರು ಹುಬ್ಬು ಮೇಲೇರಿಸಿದರು. "ಕರಗೋದಕ್ಕ ಮುಂಚೆ ಸುಳಿವು ಕೊಡಾಂಗಿಲ್ಲ ಇದು. ಬೆಂಕಿ ಕೆಲಸ ಬ್ಯಾಡ. ಬೆಸಿಗಿ ಹಾಕೋಕೆ ಹೋದ್ರ ಇಡೀ ಕೊಳವಿ ಕೈಯಾಗ ಬರ್ತದ."

ಮೂರು ದಿನ ಅಲ್ಲೇ ಅವರ ಪಡಸಾಲೆಯಲ್ಲಿ ಕೂತೆ. ಬೀದರದ ಕೆಲಸಕ್ಕೆ ಸತುವಿನಲ್ಲಿ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರಂತೆ. ಹುಟ್ಟಿದಾಗಿನಿಂದ ಅವರು ಬಿಳಿ ಲೋಹ, ತಾಮ್ರಗಳನ್ನು ಜೊತೆಯಲ್ಲೇ ನೋಡಿದವರು. "ಜಸ್ತ ತಾಂಬಾ ಅಂದ್ರ ಅಣ್ಣ ತಮ್ಮ. ಇದಕ್ಕೂ ತಾಂಬಾನೇ ಸರಿ," ಎಂದು ಬಿರುಕಿನ ಸುತ್ತ ತಾಮ್ರದ ತೆಳು ಪಟ್ಟಿಯನ್ನು ಬಳೆಯ ಹಾಗೆ ಸುತ್ತಿ, ತಾಮ್ರದ ಮೊಳೆಗಳಿಂದ ಬಿಗಿದರು. ಪಟ್ಟಿಯ ಮೇಲೆ ಯಾರೂ ಕೇಳದಿದ್ದರೂ ಒಂದು ಎಲೆಬಳ್ಳಿ ಕೆತ್ತಿದರು. ಬಹಳ ದಿನದ ಮೇಲೆ ಕೈಗೆ ಅಂಥ ಕೆಲಸ ಬಂದಿತ್ತೋ ಏನೋ. ಹೊರಡುವಾಗ ಹೇಳಿದರು: "ಹೊಸಾ ಧಾತು. ಇದರ ಸ್ವಭಾವ ನನಗೂ ಪೂರಾ ಗೊತ್ತಿಲ್ಲ. ಮಳಿಗಾಲ ಮುಗದ ಮ್ಯಾಲ ಒಮ್ಮೆ ತಂದು ತೋರಸ್ರಿ. ಮರೀಬ್ಯಾಡ್ರಿ."

ಮಳೆಗಾಲ ಮುಗಿಯಿತು. ನಾನು ಕಲಬುರಗಿಗೆ ಹೋದಾಗಲೆಲ್ಲ ಉಸ್ತಾದರನ್ನು ಕಾಣುತ್ತಿದ್ದೆ. ಕಮಲಾಪುರದ ಕೆಂಪು ಬಾಳೆಹಣ್ಣು ಒಯ್ಯುತ್ತಿದ್ದೆ, ಅವರು ಹಾಲಿಲ್ಲದ ಸುಲೈಮಾನಿ ಚಹಾ ಮಾಡಿ ಕೊಡುತ್ತಿದ್ದರು. ನಮ್ಮಿಬ್ಬರ ಮಾತು ಹೆಚ್ಚೇನಿರಲಿಲ್ಲ. ಎದುರುಬದುರು ಕೂತು ಚಹಾ ಕುಡಿಯುವುದೇ ಸಾಕಾಗುತ್ತಿತ್ತು. ಆದರೆ ಸೈಕಲ್ಲನ್ನು ಓಣಿಯ ತುದಿಯಲ್ಲೇ ನಿಲ್ಲಿಸಿ ಹೋಗುತ್ತಿದ್ದೆ. ಏಕೆಂದರೆ ಪಟ್ಟಿಯ ಅಂಚಿನಲ್ಲಿ ಉಪ್ಪಿನಂಥ ಬಿಳಿ ಪುಡಿ ಕಾಣತೊಡಗಿತ್ತು. ಒರೆಸಿದರೆ ಹೋಗುತ್ತಿತ್ತು, ವಾರದಲ್ಲಿ ಮತ್ತೆ ಬರುತ್ತಿತ್ತು. ತೋರಿಸಿದರೆ ಪಟ್ಟಿ ಬಿಚ್ಚುತ್ತಾರೆ, ಆ ಕೆತ್ತನೆಯ ಕೆಲಸ ಹಾಳಾಗುತ್ತದೆ, ಸೈಕಲ್ಲು ಹತ್ತು ದಿನ ಅಲ್ಲೇ ಉಳಿಯುತ್ತದೆ, ನಾನು ಮತ್ತೆ ಕಾಲ್ನಡಿಗೆಗೆ ಇಳಿಯುತ್ತೇನೆ. ಹೀಗೆ ಲೆಕ್ಕ ಹಾಕಿ ಒರೆಸಿಕೊಂಡೇ ಹೋದೆ.

ಯುಗಾದಿಗೆ ಮುಂಚೆ ದೂರದ ಹಳ್ಳಿಯೊಂದರಲ್ಲಿ ಮೈಲಿಬೇನೆ ಕಾಣಿಸಿದ ಸುದ್ದಿ ಬಂತು. ಇನ್ನು ಹಬ್ಬ ಆಗುವವರೆಗೆ ಕಾಯುವಂತಿರಲಿಲ್ಲ. ಲಸಿಕೆ ಹೈದರಾಬಾದಿನಿಂದ ರೈಲಿನಲ್ಲಿ ಕಲಬುರಗಿಯ ದವಾಖಾನೆಗೆ ಬರಬೇಕು, ಅಲ್ಲಿಂದ ನಾನು ತರಬೇಕು. ಗಾಜಿನ ಸಣ್ಣ ನಳಿಗೆಗಳಲ್ಲಿ ತುಂಬಿದ ಆ ರಸ ಸೆಖೆಗೆ ಕೆಡುತ್ತದೆ. ಫಾಲ್ಗುಣದ ಬಿಸಿಲಿನಲ್ಲಂತೂ ಒಂದು ಮಧ್ಯಾಹ್ನ ಸಾಕು. ನಾನು ಹೊರಡುವ ಹಿಂದಿನ ಸಂಜೆ ಯಜಮಾನರು ಕೋಣೆಯ ಬಾಗಿಲಿಗೆ ಬಂದರು.

"ಗಾಡಿ ಕಳಸ್ತೀನಿ. ಸಂಜಿ ಮುಂದ ಕಲಬುರಗಿ ಬಿಟ್ರ ತಂಪಿನಾಗ ಬೆಳಗಾಗೋದ್ರೊಳಗ ಮುಟ್ತದ. ಔಷಧಕ್ಕ ಬಿಸಲ ತಾಕಂಗಿಲ್ಲ."

"ಬ್ಯಾಡ್ರಿ ಅಣ್ಣಾರ," ಎಂದೆ. "ನಸುಕಿನಾಗ ಹೊಂಟ್ರ ಬಿಸಲ ಏರೋದ್ರೊಳಗ ಇಲ್ಲಿರ್ತೀನಿ. ನನ್ನ ಸೈಕಲ್ಲಿನ ಮುಂದ ಎತ್ತಿನ ಗಾಡಿ ಏನ್ರಿ?"

ಹಾಗೆ ಹೇಳುವಾಗ ನನ್ನ ದನಿಯಲ್ಲಿದ್ದ ಬೀಗುವಿಕೆ ನನಗೇ ಕೇಳಿಸಿತು. ಆ ಊರಿನಲ್ಲಿ ನನಗೆ ಬೀಗಲು ಇದ್ದದ್ದು ಅದೊಂದೇ. ಅವರು ತಲೆಯಾಡಿಸಿ ಹೋದರು.

ಮರುದಿನ ಕಲಬುರಗಿಯಲ್ಲಿ ಉಳಿದು, ಅದರ ಮರುದಿನ ನಸುಕಿಗೆ ನಳಿಗೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಅದನ್ನು ಬಾಳೆಯ ದಿಂಡಿನ ಪಟ್ಟೆಯೊಳಗಿಟ್ಟು, ಚೀಲದಲ್ಲಿ ಹಾಕಿಕೊಂಡು ಹೊರಟೆ. ತಾಜಸುಲ್ತಾನಪುರ ದಾಟುವಾಗ ಬಾವಿಯ ಮೇಲೆ ಹೆಂಗಸರು ನೀರು ಸೇದುತ್ತಿದ್ದರು. ಗಾಳಿ ತಂಪಾಗಿತ್ತು. ಸೈಕಲ್ಲು ಚೆನ್ನಾಗಿಯೇ ಓಡುತ್ತಿತ್ತು. ಮಹಾಗಾಂವ ದಾಟಿ ಸ್ವಲ್ಪ ದೂರ ಹೋಗಿದ್ದೆನೋ ಇಲ್ಲವೋ, ಗಾಡಿಯ ಜಾಡೊಂದರಲ್ಲಿ ಗಾಲಿ ಇಳಿದು ಏರಿತು. ಒಣ ಕಟ್ಟಿಗೆ ಮುರಿದಂಥ ಸಪ್ಪಳ. ಹಿಡಿಕೆ ನನ್ನ ಕೈಯಲ್ಲಿ ಮುಂದಕ್ಕೆ ಬಾಗಿತು, ನಾನು ಅದರ ಮೇಲೆ ಬಿದ್ದೆ. ಎದ್ದು ಮೊದಲು ಚೀಲ ನೋಡಿದೆ. ನಳಿಗೆಗಳು ಒಡೆದಿರಲಿಲ್ಲ. ಆಮೇಲೆ ಸೈಕಲ್ಲು ನೋಡಿದೆ. ತಾಮ್ರದ ಪಟ್ಟಿ ಗಟ್ಟಿಯಾಗಿಯೇ ಇತ್ತು. ಅದರ ಅಂಚಿನಲ್ಲಿ ಬಿಳಿ ಕೊಳವೆ ಕಿತ್ತುಬಂದಿತ್ತು. ಕೆಳಗಿನ ಕೊಳವೆ ಹೋದ ಮೇಲೆ ಮೇಲಿನದೂ ಭಾರ ತಾಳದೆ ಮಡಚಿಕೊಂಡಿತ್ತು.

ದಾರಿಯಲ್ಲಿ ಗಾಡಿಗಳು ಸಿಗಬಹುದು ಎಂದು ಒಂದು ಬೇವಿನ ಮರದ ಕೆಳಗೆ ಕಾದೆ. ಹಬ್ಬಕ್ಕೆ ಮುಂಚಿನ ದಿನಗಳು. ಎಲ್ಲ ಗಾಡಿಗಳೂ ಕಲಬುರಗಿಯ ಬಜಾರಿನ ಕಡೆಗೇ ಹೋಗುತ್ತಿದ್ದವು, ಕಮಲಾಪುರದ ಕಡೆಗೆ ಒಂದೂ ಇಲ್ಲ. ಸೈಕಲ್ಲನ್ನು ಅಲ್ಲೇ ಪೊದೆಯಲ್ಲಿ ಬಿಟ್ಟು ನಡೆದಿದ್ದರೆ ಬೇಗ ಮುಟ್ಟುತ್ತಿದ್ದೆನೋ ಏನೋ. ಬಿಡಲು ಮನಸ್ಸಾಗಲಿಲ್ಲ. ಹೆಗಲ ಮೇಲೆ ಹೊತ್ತುಕೊಂಡು ನಡೆದೆ. ಎಷ್ಟು ಹಗುರವಾದರೂ ಮೈಲಿ ಮೈಲಿಗೆ ಅದು ಭಾರವಾಗುತ್ತ ಹೋಯಿತು. ಎರೆಮಣ್ಣು ಮುಗಿದು ಕೆಂಪು ಮಣ್ಣು ಶುರುವಾಗುವಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಬಟ್ಟೆಗೆ ಚಿಮುಕಿಸಲು ನನ್ನ ಕುಡಿಯುವ ನೀರನ್ನೆಲ್ಲ ಖರ್ಚು ಮಾಡಿದ್ದೆ. ಕಮಲಾಪುರ ಮುಟ್ಟಿದಾಗ ಬಾಳೆಪಟ್ಟೆ ಬಾಡಿ ಮೆತ್ತಗಾಗಿತ್ತು, ನಳಿಗೆಗಳು ಕೈಗೆ ಬೆಚ್ಚಗೆ ಹತ್ತಿದವು.

ಆಗ ಮಾಡಬೇಕಾಗಿದ್ದದ್ದು ಒಂದೇ: ಇದು ಕೆಟ್ಟಿರಬಹುದು ಎಂದು ಹೇಳಿ, ತಿರುಗಿ ತರಿಸುವುದು. ನಾನು ಹೇಳಲಿಲ್ಲ. ಒಂದೊಂದಾಗಿ ಬಾಗಿಲು ತೆರೆದು ಹನ್ನೊಂದು ಮಕ್ಕಳ ತಾಯಂದಿರು ಅಂಗಳಕ್ಕೆ ಬಂದಿದ್ದರು; ಯಜಮಾನರ ಹೆಂಡತಿಯೇ ಮನೆಮನೆಗೆ ಹೋಗಿ ಕರೆತಂದಿದ್ದರು. ಇವತ್ತು ಬೇಡ ಎಂದರೆ ಇವರು ಮತ್ತೆ ಬರುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳೂ ಅಲ್ಲ. ಆದರೆ ಸೈಕಲ್ಲು ಮುರಿದು ಔಷಧಕ್ಕೆ ಬಿಸಿಲು ತಾಕಿತು ಎಂದು ಯಜಮಾನರ ಮುಂದೆ ಹೇಳಲು ನಾಲಿಗೆ ಏಳಲಿಲ್ಲ ಎಂಬುದೂ ಅಷ್ಟೇ ನಿಜ. ಮೊದಲ ತೋಳು ಅವರ ಮಗಳದೇ. ಅವಳು ಅಳಲಿಲ್ಲ. "ಆತೇನ್ ಕಾಕಾ? ಇಷ್ಟೇ?" ಎಂದಳು.

ಎಂಟನೆಯ ದಿನ ತೋಳುಗಳನ್ನು ನೋಡಿದೆ. ಲಸಿಕೆ ಹತ್ತಿದ್ದರೆ ಅಲ್ಲಿ ಗುಳ್ಳೆ ಎದ್ದಿರಬೇಕು. ಹನ್ನೊಂದರಲ್ಲಿ ಎರಡು ಮಕ್ಕಳಿಗೆ ಮಾತ್ರ ಎದ್ದಿತ್ತು. ಯಜಮಾನರ ಮಗಳೂ ಸೇರಿ ಉಳಿದವರ ಚರ್ಮದ ಮೇಲೆ ಒಣಗಿದ ಗೀರು, ಅಷ್ಟೇ. ಅಷ್ಟರಲ್ಲಿ ಬೇನೆ ಹಿಂದಿನ ಓಣಿಗೇ ಬಂದಿತ್ತು. ಆಗ ಯಜಮಾನರಿಗೆ ಎಲ್ಲವನ್ನೂ ಹೇಳಿದೆ, ನಳಿಗೆಗಳು ಬೆಚ್ಚಗಾಗಿದ್ದನ್ನೂ ಸೇರಿಸಿ. ಅವರು ನನ್ನನ್ನು ಬೈಯಲಿಲ್ಲ. ಎತ್ತು ಕಟ್ಟಿಸಿ, ತಾವೇ ಗಾಡಿ ಹೊಡೆದುಕೊಂಡು ನನ್ನೊಡನೆ ಕಲಬುರಗಿಗೆ ಬಂದರು. ದವಾಖಾನೆಯಲ್ಲಿ ಉಳಿದಿದ್ದ ನಳಿಗೆಗಳನ್ನು ಸಾಹೇಬರು ಕೊಟ್ಟರು. ತಂಪಿನಲ್ಲಿ ತಿರುಗಿ ಬಂದೆವು. ಹೋಗುವಾಗಲೂ ಬರುವಾಗಲೂ ಅವರು ಎತ್ತಿನೊಡನೆ ಬಿಟ್ಟು ನನ್ನೊಡನೆ ಮಾತಾಡಲಿಲ್ಲ.

ಬೆಳಿಗ್ಗೆ ಮನೆ ಮುಟ್ಟಿದಾಗ ಹುಡುಗಿಗೆ ಜ್ವರ ಬಂದಿತ್ತು. ಉಳಿದ ಎಂಟು ಮಕ್ಕಳಿಗೆ ಅವತ್ತೇ ಮತ್ತೆ ಹಾಕಿದೆ. ಎಲ್ಲರಿಗೂ ಹತ್ತಿತು, ಯಾರಿಗೂ ಬೇನೆ ಬರಲಿಲ್ಲ. ಅವಳಿಗೆ ಹಾಕುವ ಹೊತ್ತು ಮೀರಿತ್ತು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು. ಒಳಗೆ ಹೊರಗಿನವರು ಹೋಗುವಂತಿಲ್ಲ. ನಾನು ಗೋಡೆಯ ಈಚೆ ನನ್ನ ಕೋಣೆಯಲ್ಲಿ ಕೂತು ಅವಳ ನರಳಿಕೆ ಕೇಳಿದೆ. ಹೊಸ್ತಿಲ ಮೇಲೆ ತಾಟು ಬರುವುದು ನಿಂತಿತು. ಆ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣುತ್ತಿರಲಿಲ್ಲ, ನನಗೆಲ್ಲಿಯದು? ಅವಳು ಬದುಕಿದಳು. ಮುಖದ ತುಂಬ ಕಲೆ ಉಳಿದವು, ಎಡಗಣ್ಣು ಹೋಯಿತು.

ಮೊದಲ ಲಸಿಕೆ ಕೆಡದಿದ್ದರೆ ಅವಳ ಕಣ್ಣು ಉಳಿಯುತ್ತಿತ್ತೇ? ಡಾಕ್ಟರ ಸಾಹೇಬರನ್ನು ಕೇಳಿದೆ. "ಉಳೀತಿತ್ತು ಅಂತ ಹೇಳಲಿಕ್ಕ ಬರಂಗಿಲ್ಲ, ಉಳೀತಿರಲಿಲ್ಲ ಅಂತನೂ ಹೇಳಲಿಕ್ಕ ಬರಂಗಿಲ್ಲ," ಎಂದರು. ಅದಕ್ಕಿಂತ ಬೈದಿದ್ದರೆ ಒಳ್ಳೆಯದಿತ್ತು.

ಬೇವಿನ ಸೊಪ್ಪು ಬಿಚ್ಚಿದ ಮೇಲೆ ಒಂದು ದಿನ ಅವಳ ತಾಯಿ ಅಂಗಳ ಗುಡಿಸುತ್ತಿದ್ದರು. ನಾನು ಬಾಗಿಲಲ್ಲಿ ನಿಂತು, "ಅಕ್ಕಾರ," ಎಂದೆ. ಅವರು ಕಸಬರಿಗೆ ನಿಲ್ಲಿಸಿದರು.

"ಅವತ್ತ ಇವರು ಗಾಡಿ ಕಳಸ್ತೀನಿ ಅಂದ್ರು. ನೀವು ಬ್ಯಾಡ ಅಂದ್ರಿ."

ಅಷ್ಟೇ ಹೇಳಿ ಮತ್ತೆ ಗುಡಿಸತೊಡಗಿದರು. ಆ ವಾರವೇ ನಾನು ಊರ ಇನ್ನೊಂದು ತುದಿಯಲ್ಲಿ ಒಂದು ಖಾಲಿ ದನದ ಕೊಟ್ಟಿಗೆಯನ್ನು ಬಾಡಿಗೆಗೆ ಹಿಡಿದೆ. ಹೋಗಬೇಡಿ ಎಂದು ಅವರು ಹೇಳಲಿಲ್ಲ. ಹೋಗಿ ಎಂದೂ ಹೇಳಿರಲಿಲ್ಲ.

ಮುರಿದ ಸೈಕಲ್ಲನ್ನು ಬಾಳೆಗೊನೆ ಒಯ್ಯುವ ಗಾಡಿಯಲ್ಲಿ ಹಾಕಿಕೊಂಡು ಉಸ್ತಾದರಲ್ಲಿಗೆ ಹೋದೆ. ಅವರು ಮೊಳೆಗಳನ್ನು ಕತ್ತರಿಸಿ ತಮ್ಮದೇ ಬಳ್ಳಿಯ ಕೆತ್ತನೆಯಿದ್ದ ಪಟ್ಟಿಯನ್ನು ಬಿಚ್ಚಿದರು. ಒಳಗೆ ಕೊಳವೆ ನುಸಿ ಹಿಡಿದ ಜೋಳದಂತಾಗಿತ್ತು. ತಾಮ್ರ ತಾಕಿದಲ್ಲೆಲ್ಲ ತೂತು, ತೂತಿನ ತುಂಬ ಬಿಳಿ ಪುಡಿ. ತಾಮ್ರಕ್ಕೆ ಏನೂ ಆಗಿರಲಿಲ್ಲ. ಅವರು ಬಹಳ ಹೊತ್ತು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಮಳಿ ನೀರು ಒಳಗ ನಿಂತದ. ತಾಂಬಾ ಇದನ್ನ ತಿಂದದ," ಎಂದರು. "ಜಸ್ತ ಅಂತ ತಿಳಕೊಂಡು ನಾ ಮಾಡಿದ ತಪ್ಪು ಇದು. ಗುನ್ನಾ ನಂದು."

"ಅಲ್ರಿ ಉಸ್ತಾದ. ಪುಡಿ ಬರೋದು ನಾ ನೋಡಿದ್ದೆ. ಒರಸಿ ಒರಸಿ ಇಟ್ಟೆ. ನಿಮಗ ತೋರಸಲಿಲ್ಲ."

ಅವರು ನನ್ನ ಮುಖ ನೋಡಿದರು. ಹುಡುಗಿಯ ವಿಷಯ ಹೇಳಿದೆ. ಗಾಡಿಯ ವಿಷಯವನ್ನೂ ಹೇಳಿದೆ. ಕೇಳಿ, ಎದ್ದು ಒಳಗೆ ಹೋದರು. ಅವತ್ತು ಚಹಾ ಮಾಡಲಿಲ್ಲ. ತಿರುಗಿ ಬಂದಾಗ ಕಣ್ಣು ಕೆಂಪಾಗಿದ್ದವು. "ಬಿಟ್ಟು ಹೋಗ್ರಿ. ಹದಿನೈದು ದಿನ," ಎಂದರು.

ಹದಿನೈದು ದಿನವೆಂದದ್ದು ತಿಂಗಳಾಯಿತು. ಈ ಸಲ ಅವರು ಬೇರೆ ಯಾವ ಲೋಹವನ್ನೂ ಅದರ ಹತ್ತಿರ ಬಿಡಲಿಲ್ಲ. ಕೆಟ್ಟ ಭಾಗ ಕೊಯ್ದು ತೆಗೆದು, ಜಾಲಿಯ ಕಟ್ಟಿಗೆಯನ್ನು ಎಣ್ಣೆಯಲ್ಲಿ ನೆನೆಸಿ, ಕೊಳವೆಯೊಳಗೆ ಕೂರುವಂತೆ ಕೆತ್ತಿ ಬಡಿದು ಸೇರಿಸಿದರು. ಗಾದಿಯ ಕಂಬದಿಂದ ಇನ್ನಷ್ಟು ತುಂಡು ಕೊಯ್ದು ಅದನ್ನೇ ತಣ್ಣಗೆ ಬಡಿದು ಬಡಿದು ಸಣ್ಣ ಮೊಳೆಗಳನ್ನು ಮಾಡಿದರು. ಆ ಮೊಳೆಗಳಿಂದಲೇ ಕಟ್ಟಿಗೆಯನ್ನು ಬಿಗಿದರು. ಮೇಲಿನ ಕೊಳವೆಯನ್ನು ದಿನಕ್ಕಿಷ್ಟೇ ಎಂದು ನೆಟ್ಟಗೆ ಮಾಡಿ, ಮಡಚಿದಲ್ಲಿ ಅದಕ್ಕೂ ಒಳಗಿಂದ ಕಟ್ಟಿಗೆಯ ಆಸರೆ ಕೊಟ್ಟರು. ಗಾದಿ ಈಗ ತಗ್ಗಾಯಿತು. ತುಳಿಯುವಾಗ ಮೊಣಕಾಲು ಎದೆಗೆ ಬಂದಂತಾಗುತ್ತಿತ್ತು. ಕೆತ್ತನೆ ಏನೂ ಇರಲಿಲ್ಲ. ಕೆಲಸಕ್ಕೆ ಏನು ಕೊಡಲು ಹೋದರೂ ಅವರು ಮುಟ್ಟಲಿಲ್ಲ.

ಅದರ ಮೇಲೆ ಮತ್ತೆ ಕೆಲವು ವರ್ಷ ತಿರುಗಿದೆ, ಆದರೆ ಲಸಿಕೆ ತರುವ ದಿನ ಮಾತ್ರ ಎತ್ತಿನ ಗಾಡಿಯಲ್ಲಿ, ಬಿಸಿಲು ಇಳಿದ ಮೇಲೆ. ಕಮಲಾಪುರದಲ್ಲಿ ಆಮೇಲೆ ಯಾರೂ ನನ್ನನ್ನು ಕಂಡು ಓಡಲಿಲ್ಲ. ಎಂಟು ಮಕ್ಕಳಿಗೆ ಬೇನೆ ಬಾರದ್ದನ್ನು ಊರು ನೋಡಿತ್ತು. ತಾವಾಗಿಯೇ ಕೂಸುಗಳನ್ನು ತಂದು ತೋಳು ಚಾಚುತ್ತಿದ್ದರು. ದಾರಿಯಲ್ಲಿ ಯಜಮಾನರು ಎದುರಾದರೆ, "ಆರಾಮ ಅದೀರಿ?" ಎಂದು ಕೇಳುತ್ತಿದ್ದರು. "ಅದೀನ್ರಿ ಅಣ್ಣಾರ," ಎನ್ನುತ್ತಿದ್ದೆ. ಅಲ್ಲಿಗೆ ಮುಗಿಯುತ್ತಿತ್ತು. ಹುಡುಗಿ ತಾಯಿಯ ಸೆರಗು ಹಿಡಿದು ಹೋಗುವುದನ್ನು ದೂರದಿಂದ ನೋಡಿದ್ದೇನೆ. ಹತ್ತಿರ ಹೋಗುವ ಧೈರ್ಯ ಬರಲಿಲ್ಲ. ಅವಳು ಕರೆದಿದ್ದರೆ ಹೋಗುತ್ತಿದ್ದೆ.

ನನಗೆ ಬೇರೆ ತಾಲ್ಲೂಕಿಗೆ ವರ್ಗವಾಯಿತು. ಅಲ್ಲಿ ಸೈಕಲ್ಲಿನ ಗಾಲಿಗಳು ತುಕ್ಕು ಹಿಡಿದು ಮುರಿದವು. ಅದಕ್ಕೆ ಹೊಂದುವ ಗಾಲಿ ಎಲ್ಲಿಯೂ ಸಿಗಲಿಲ್ಲ. ಚೌಕಟ್ಟು ಮಾತ್ರ ನೆಟ್ಟಗೆ ಉಳಿಯಿತು. ಅದನ್ನು ಕೋಣೆಯ ಗೂಟಕ್ಕೆ ನೇತುಹಾಕಿದ್ದೆ. ಮನೆಗೆ ಬಂದವರು ಇದೇನು ಎಂದು ಕೇಳುತ್ತಿದ್ದರು, ಬರುವವರೇ ಕಡಿಮೆ. ಮುಂದೆ ಅದೇ ಲೋಹದ ಬೋಗುಣಿ, ಚಹಾದ ಕಿಟಲಿಗಳು ಬಜಾರಿಗೆ ಬಂದವು. ಬಡವರ ಪಾತ್ರೆ ಎಂದು ಅದಕ್ಕೆ ಹೆಸರಾಯಿತು. ಅದನ್ನು ಬೆಳ್ಳಿ ಎಂದು ತಿಳಿಯುವವರು ಯಾರೂ ಉಳಿಯಲಿಲ್ಲ.

ಒಮ್ಮೆ ಸರಕಾರಿ ಕೆಲಸದ ಮೇಲೆ ಕಲಬುರಗಿಗೆ ಬಂದಾಗ, ಮೊಳೆಗಳು ಇನ್ನೂ ಗಟ್ಟಿಯಾಗಿವೆ, ಒಂದು ಕಾಳು ಬಿಳಿ ಪುಡಿಯೂ ಬಂದಿಲ್ಲ ಎಂದು ಉಸ್ತಾದರಿಗೆ ಹೇಳಬೇಕೆಂದು ಕೋಟೆಯ ಕಡೆಗೆ ಹೋದೆ. ಬಾಗಿಲಿಗೆ ಬೀಗವಿತ್ತು. ಪಕ್ಕದ ಮನೆಯ ಹೆಂಗಸು ಪರದೆಯ ಹಿಂದಿನಿಂದ ಹೇಳಿದರು: "ಬೀದರಕ್ಕ ಹೋಗ್ಯಾರ ನೋಡ್ರಿ. ತಂಗಿ ಮನಿಗಿ. ಕಣ್ಣು ಕಾಣಲಾರದಾಗಿತ್ತು ಅವರಿಗಿ. ಯಾರೋ ಬಂದು ಕರಕೊಂಡು ಹೋದ್ರು."

"ಯಾವಾಗ್ರಿ?"

"ಆಯ್ತಲ್ಲ, ಎರಡು ದೀಪಾವಳಿ ಆತು."

ಬೀದರದಲ್ಲಿ ಆ ತಂಗಿಯ ಮನೆ ಯಾವ ಓಣಿ ಎಂದು ಆ ಹೆಂಗಸಿಗೂ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಅಲ್ಲೇ ಕಟ್ಟೆಯ ಮೇಲೆ ಕೂತೆ. ಮಧ್ಯಾಹ್ನದ ಹೊತ್ತು; ಕಂದಕದ ನೀರಿನಲ್ಲಿ ಎಮ್ಮೆಗಳು ಬಿದ್ದಿದ್ದವು. ತಂದಿದ್ದ ಬಾಳೆಹಣ್ಣಿನ ಚಿಪ್ಪನ್ನು ಆ ಹೆಂಗಸಿಗೆ ಕೊಟ್ಟು, ಸ್ಟೇಶನ್ನಿನ ಬದಿಯ ಖಾನಾವಳಿಗೆ ಹೋಗಿ ಊಟಕ್ಕೆ ಕೂತೆ. ಬಡಿಸುವವನು, "ಎಷ್ಟು ಮಂದಿ ಅದೀರಿ?" ಎಂದು ಕೇಳಿದ. "ಒಬ್ಬನೇ," ಎಂದೆ.